ಬಿಸಿಯಾದಾಗ ಮಾತ್ರ

ಓಮ್ನಿಯಲ್ಲಿ ಎಂಜಿನ್ನು ಇರುವುದು ಸೀಟಿನ ಕೆಳಗೆ.
ಹನ್ನೊಂದು ವರ್ಷದಿಂದ ಅದರ ಮೇಲೇ ಕೂತಿದ್ದೇನೆ,
ಮಂಚದಡಿ ಅಗ್ಗಿಷ್ಟಿಕೆ ಇಟ್ಟುಕೊಂಡ ಬಾಣಂತಿಯ ಹಾಗೆ.
ಹಿಂದೆ ಹದಿನಾರು ಬಕೆಟ್ಟು ದೋಸೆಹಿಟ್ಟು.

ಮೊದಲು ನಿಂತದ್ದು ಡೈರಿ ಸರ್ಕಲ್ಲಿನ ಮೇಲ್ಸೇತುವೆಯ ನೆತ್ತಿಯಲ್ಲಿ.
ಕೆಮ್ಮಲಿಲ್ಲ, ಕುಂಟಲಿಲ್ಲ,
ಮಾತಿನ ನಡುವೆ ಎದ್ದುಹೋದವರ ಹಾಗೆ
ಹೋಯಿತು.
ಊರಿನ ಹಾರನ್ನೆಲ್ಲ ನನ್ನ ಬೆನ್ನಿಗೆ.
ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುವಿದರೆ
ಏನೂ ಆಗೇ ಇಲ್ಲವೆಂಬಂತೆ ಹೊರಟಿತು.

ಆಮೇಲೆ ಲಕ್ಕಸಂದ್ರ, ಆಮೇಲೆ ಸೌತ್ ಎಂಡು,
ಆಮೇಲೆ ಲಾಲ್‌ಬಾಗಿನ ಗೇಟು.
ಅಲ್ಲಿ ಮುಚ್ಚಳ ಎತ್ತಿಕೊಂಡು ಹಿಟ್ಟು ಉಕ್ಕಿತು.
ವಾಕಿಂಗಿನವರೊಬ್ಬರು ಕೇಳಿದರು, ಲೀಟರಿಗೆ ಎಷ್ಟಮ್ಮ?

ವಿಲ್ಸನ್ ಗಾರ್ಡನ್ನಿನ ಗೌಸ್ ಭಾಯ್ ಮುಂದೆ ನಿಲ್ಲಿಸಿದರೆ
ಗಾಡಿ ಪರಮ ಸಾಧು.
ಸೀಟು ಎತ್ತಿ, ಪ್ಲಗ್ಗಿನ ವೈರು ಕಿತ್ತು,
ಅದರ ಬಾಯಿಗೆ ಸ್ಕ್ರೂಡ್ರೈವರ್ ತುರುಕಿ
"ಏಳುಮಲೈ, ಹೊಡಿ ಸೆಲ್ಫು" ಅಂದರು.
ಟಕ್ ಟಕ್ ಟಕ್.
ನೀಲಿ ಕಿಡಿ, ಅವರೆಕಾಳಿನಷ್ಟು ದಪ್ಪ.
"ನೋಡಿ ಹಿಟ್ಟಿನ ಮೇಡಂ, ಇದಕ್ಕೇನಾಗಿದೆ ರೋಗ?"

ಮೂರನೇ ಸಲ ನಾನು ಅತ್ತೇಬಿಟ್ಟೆ. ಅಥವಾ ಬೈದೆ.
ಎರಡೂ ಇರಬೇಕು.
ಅವರು ಸ್ಟೂಲು ಎಳೆದುಕೊಂಡು ಕೂತರು.
"ಪಾಯಿಂಟು ಇದ್ದಾಗ ಕಣ್ಣಿಗೆ ಕಾಣ್ತಿತ್ತು ತಪ್ಪು.
ಸುಟ್ಟ ಕಲೆ, ಸವೆದ ಅಂಚು.
ಪಾಲಿಶ್ ಪೇಪರಲ್ಲಿ ನಾಲ್ಕು ಸಲ ಉಜ್ಜಿದ್ರೆ ಮುಗೀತು.
ಈಗ ಈ ಕರಿ ಡಬ್ಬಿ. ಅಂಟು ಸುರಿದು ಸೀಲ್ ಮಾಡಿದಾರೆ.
ಒಡೆದ್ರೆ ಸತ್ತೋಗತ್ತೆ, ಒಡೀದಿದ್ರೆ ಬಾಯಿ ಬಿಡಲ್ಲ."

ಆಮೇಲೆ, ಕೈ ಒರೆಸಿಕೊಳ್ಳುತ್ತ,
"ನಂದೂ ಹಿಂಗೇ. ರಾತ್ರಿ ಎದೆ ಒಂದೇಟು ತಪ್ಪತ್ತೆ.
ಆಸ್ಪತ್ರೆಗೆ ಹೋದ್ರೆ ಕಾಗದದ ಮೇಲೆ ಗೆರೆ ಎಲ್ಲ ಸರಿ.
ಕೊನೆಗೆ ಬೆಲ್ಟಿನ ಮೇಲೆ ಓಡಿಸಿ ನೋಡಿದ್ರು."
ಸಿಕ್ತಾ, ಅಂದೆ.
ಅವರು ಕೇಳಿಸಿಕೊಳ್ಳಲಿಲ್ಲ.
ಪಕ್ಕದ ಬ್ಯೂಟಿ ಪಾರ್ಲರಿನ ಕಡೆ ನೋಡುತ್ತಿದ್ದರು.

ಫ್ಲೋರಾ ಹೇರ್ ಡ್ರೈಯರ್ ಕೊಟ್ಟಳು, ಗೊಣಗಿಕೊಂಡೇ.
ಎಂಜಿನ್ನು ಓಡುತ್ತಿತ್ತು.
ಕಾಯಿಲಿನ ಮೈನಸ್ಸಿಗೆ ಸಿಕ್ಕಿಸಿದ ಟೆಸ್ಟ್ ಲ್ಯಾಂಪು
ಮಿಣಮಿಣ ಅನ್ನುತ್ತಿತ್ತು.
ಕರಿ ಡಬ್ಬಿಯ ಮುಖಕ್ಕೆ ಬಿಸಿಗಾಳಿ ಹಿಡಿದು
ಗೌಸ್ ಭಾಯ್ ಕೂತರು, ಮಗುವಿನ ತಲೆ ಆರಿಸುವವರಂತೆ.
ಒಂದು ನಿಮಿಷ. ಮೂರು.
ಚಹಾ ಬಂತು. ಯಾರೂ ಮುಟ್ಟಲಿಲ್ಲ.
ಆರನೆಯದಕ್ಕೆ
ಹೋಯಿತು.

"ಹೊಡಿ!"
ಸೆಲ್ಫು ತಿರುಗಿತು. ಕಿಡಿ ಇಲ್ಲ.
ದೀಪ ಉರಿಯುತ್ತಿದೆ, ಮಿಟುಕುತ್ತಿಲ್ಲ,
ರೆಪ್ಪೆ ಬಡಿಯುವುದ ಮರೆತ ಕಣ್ಣು.
ಮೀಟರು ಹಿಡಿದರೆ ಪಿಕಪ್ಪಿನ ಮುಳ್ಳು ನಡುಗುತ್ತಲೇ ಇದೆ.
"ಪಾಪ, ಅದು ಕೂಗ್ತಾನೇ ಇದೆ.
ಇವನಿಗೆ ಕಿವಿ ಕೇಳಿಸ್ತಿಲ್ಲ."
ಒದ್ದೆ ಬಟ್ಟೆ ಹಾಕಿದರು ಡಬ್ಬಿಯ ಮೇಲೆ.
ಚುರ್ ಅಂತು. ಕಾದೆವು.
ದೀಪ ಮಿಟುಕಿತು.
"ಸಿಕ್ಕಿಬಿದ್ದ ಕಳ್ಳ!" ಅಂದ ಏಳುಮಲೈ.
ನನಗೆ ಚಪ್ಪಾಳೆ ತಟ್ಟಬೇಕೆನಿಸಿತು,
ಡಬ್ಬಿಯನ್ನು ಕಂಡು ಅಯ್ಯೋ ಅಂತಲೂ.

ಜೆ.ಸಿ. ರೋಡಿಗೆ ಹೋಗಿ ಹೊಸದು ತಂದ ಹುಡುಗ.
ಹಳೆಯದರ ಬೆನ್ನಿಗೆ ಹಚ್ಚಿದ್ದ ಪೇಸ್ಟು
ಒಣಗಿ ವಿಭೂತಿಯಾಗಿತ್ತು.
ಅದು ಹಸಿಯಾಗಿದ್ದಿದ್ದರೆ
ಬಿಸಿಯನ್ನು ತಗಡಿಗೆ ದಾಟಿಸಿ
ಇನ್ನೂ ಐದು ವರ್ಷ ಬದುಕುತ್ತಿತ್ತಂತೆ.
ಐದು ರೂಪಾಯಿಯ ಪೇಸ್ಟು.

ಫ್ಲೋರಾಳ ಡ್ರೈಯರ್ ವಾಪಸ್ಸು ಹೋಯಿತು.
ಮಾರನೆಯ ದಿನದ ಮದುಮಗಳ ಜಡೆಯಲ್ಲಿ
ಪೆಟ್ರೋಲಿನ ವಾಸನೆಯಿತ್ತೆಂದು ಜಗಳ.
ಎರಡು ಲೀಟರು ಹಿಟ್ಟು ಕೊಟ್ಟು ಸಮಾಧಾನ ಮಾಡಿದೆ.

ಈಗ ನಿಲ್ಲುವುದಿಲ್ಲ.
ಆದರೂ ಮೇಲ್ಸೇತುವೆಯ ನೆತ್ತಿ ಬಂದಾಗ
ಸೀಟಿನಿಂದ ಒಂದಿಷ್ಟು ಎದ್ದು ಕೂರುತ್ತೇನೆ.
ಗೌಸ್ ಭಾಯ್‌ಗೆ ಬೆಲ್ಟಿನ ಮೇಲೆ ಏನು ಸಿಕ್ಕಿತೋ,
ಕೇಳಲು ಹೋದರೆ ಟೈರಿನ ಗಾಳಿ ನೋಡುತ್ತಾರೆ.

ಹಳೆಯ ಡಬ್ಬಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ.
ಹಗಲೆಲ್ಲ ಕಾಯುತ್ತದೆ, ರಾತ್ರಿ ಆರುತ್ತದೆ.
ಮೂರು ಗಂಟೆಯ ಚಳಿಗೆ
ಸಂಪೂರ್ಣ ಸರಿಯಾಗಿರುತ್ತದೆ ಅದು,
ಯಾವ ವೈರಿಗೂ ಸೇರದೆ.